ಮೊದಲ ವಿಮಾನದ ಡಬ್ಬಿ: ಯಾವುದು ತರಿಸೋದು, ಯಾವುದು ಬಿಡೋದು?

ಬಿಡಿಭಾಗ ಅಂಟಿಸಿ ಕಟ್ಟುವ ಪ್ಲಾಸ್ಟಿಕ್ ಮಾಡೆಲ್ ಕಿಟ್‌ಗಳಲ್ಲಿ ಯುದ್ಧವಿಮಾನ ಕಟ್ಟುವವರಿಗೆ ಒಂದು ಅನುಕೂಲ ಇದೆ. ಅಂಟು ಸ್ವಲ್ಪ ಆಚೀಚೆ ಆಗಿರಲಿ, ಜೋಡಣೆಯ ಗೆರೆ ಪೂರ್ತಿ ಮುಚ್ಚದೇ ಇರಲಿ, ಮೇಲೆ ಹಸಿರು-ಕಂದು ಬಳಿದು ಒಂದಿಷ್ಟು ಹೊಗೆ ಮಸಿ ಹಚ್ಚಿದರೆ ಎಲ್ಲ ಮುಚ್ಚಿಹೋಗುತ್ತದೆ. ನೋಡಿದವರು "ಎಷ್ಟು ನೈಜವಾಗಿದೆ" ಅಂತ ಹೊಗಳಿ ಹೋಗುತ್ತಾರೆ. ಪ್ರಯಾಣಿಕರ ವಿಮಾನದಲ್ಲಿ ಆ ಆಟ ನಡೆಯೋದಿಲ್ಲ. ಉದ್ದನೆಯ ಕೊಳವೆ, ಮೇಲೆಲ್ಲ ಹೊಳೆಯುವ ಬಿಳಿ, ಎರಡೂ ಪಕ್ಕ ನೇರವಾದ ಕಿಟಕಿ ಸಾಲು. ಕೂದಲೆಳೆಯಷ್ಟು ಉಬ್ಬು ತಗ್ಗು ಉಳಿದರೂ ಟ್ಯೂಬ್‌ಲೈಟ್ ಕೆಳಗೆ ಹಿಡಿದರೆ ಸಾಕು, ಎದ್ದು ಕಾಣುತ್ತದೆ.

ಹಾಗಾಗಿ ಡಬ್ಬಿ ಆರಿಸುವಾಗ "ನನಗೆ ಯಾವ ವಿಮಾನ ಇಷ್ಟ" ಅನ್ನೋದು ಎರಡನೇ ಪ್ರಶ್ನೆ. "ಎಷ್ಟು ಬಿಳಿ ಮೈಯನ್ನು ನನ್ನ ಕೈಲಿ ನುಣ್ಣಗೆ ಮಾಡೋಕೆ ಆಗುತ್ತೆ" ಅನ್ನೋದು ಮೊದಲನೆಯದು. ಅಳತೆ, ಕಂಪನಿ, ಕಿಟಕಿ, ಬಣ್ಣ ಎಲ್ಲವನ್ನೂ ಈ ಒಂದೇ ಕಣ್ಣಿನಿಂದ ನೋಡಿದರೆ ಆಯ್ಕೆ ಅರ್ಧ ಸುಲಭ ಆಗುತ್ತದೆ.

ದಾವಣಗೆರೆಯಲ್ಲೋ ಚಿತ್ರದುರ್ಗದಲ್ಲೋ ಕೂತು ಮೊದಲ ಸಲ ಕೈ ಹಾಕುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಇಂಥ ಕಿಟ್ ಬೆಂಗಳೂರಿನಿಂದಲೋ ಆನ್‌ಲೈನ್‌ನಲ್ಲೋ ಬರಬೇಕು. ಆದರೆ ಬೇಕಾಗುವ ಸಾಮಾನಿನಲ್ಲಿ ಅರ್ಧಕ್ಕರ್ಧ ನಮ್ಮ ಹಾರ್ಡ್‌ವೇರ್ ಅಂಗಡಿ, ಸೈಕಲ್ ಅಂಗಡಿ, ಸ್ಟೇಷನರಿ ಅಂಗಡಿಯಲ್ಲೇ ಸಿಗುತ್ತದೆ. ಅದನ್ನೂ ಅಲ್ಲಲ್ಲೇ ಹೇಳುತ್ತಾ ಹೋಗುತ್ತೇನೆ.

ಅಳತೆ: 1:200, 1:144, 1:72

ಪ್ರಯಾಣಿಕರ ವಿಮಾನಗಳಿಗೆ ಹೆಚ್ಚು ಚಾಲ್ತಿಯಲ್ಲಿರುವ ಅಳತೆ 1:144. ನಿಜವಾದ ವಿಮಾನದ 12 ಅಡಿ ಇಲ್ಲಿ ಒಂದು ಇಂಚು. ಏರ್‌ಬಸ್ ಎ320 ನಿಜದಲ್ಲಿ 37.57 ಮೀಟರ್ ಉದ್ದ, ಈ ಅಳತೆಯಲ್ಲಿ 26 ಸೆಂ.ಮೀ. ರೆಕ್ಕೆಯ ತುದಿಯಿಂದ ತುದಿಗೆ 25 ಸೆಂ.ಮೀ. ಅಂದರೆ ಹಾಲ್‌ನಲ್ಲಿ ಟಿ.ವಿ. ಪಕ್ಕ ಇರುವ ಒಂದಡಿ ಆಳದ ಷೋಕೇಸ್‌ನಲ್ಲಿ ಮೂಗು ಮುಂದೆ ಮಾಡಿ ನಿಲ್ಲಿಸಿದರೆ ಗಾಜಿನ ಬಾಗಿಲು ಹಾಕಬಹುದು. ಬೋಯಿಂಗ್ 737-800 ಸಹ ಹಾಗೇ, 27 ಸೆಂ.ಮೀ. ಚಿಲ್ಲರೆ.

787-8ಕ್ಕೆ ಬನ್ನಿ. ಉದ್ದ 39 ಸೆಂ.ಮೀ., ರೆಕ್ಕೆ 42 ಸೆಂ.ಮೀ. ಷೋಕೇಸ್ ಬಾಗಿಲು ಹಾಕೋಕಾಗಲ್ಲ. 777-300ಇಆರ್ ಅಂತೂ 51 ಸೆಂ.ಮೀ. ಉದ್ದ. ಇವು ಫ್ರಿಜ್ ಮೇಲೆ, ಬೀರು ಮೇಲೆ ಹೋಗಿ ಧೂಳು ತಿನ್ನುತ್ತವೆ. ನಮ್ಮೂರ ಧೂಳು ಗೊತ್ತಲ್ಲ, ಬೇಸಿಗೆಯಲ್ಲಿ ಬೆಳಗ್ಗೆ ಒರೆಸಿದರೆ ಸಂಜೆಗೆ ಬೆರಳಲ್ಲಿ ಹೆಸರು ಬರೆಯಬಹುದು. ಬಿಳಿ ಮಾಡೆಲ್ ಅನ್ನು ಹೊರಗೆ ಇಡುವುದಾದರೆ ಮೇಲೊಂದು ಪ್ಲಾಸ್ಟಿಕ್ ಅಥವಾ ಗಾಜಿನ ಪೆಟ್ಟಿಗೆ ಬೇಕೇಬೇಕು. ಅದರ ಖರ್ಚನ್ನೂ ಕಿಟ್ ಬೆಲೆಗೆ ಸೇರಿಸಿ ನೋಡಿ.

ಜಾಗದ ಮಾತು ಬಿಟ್ಟರೂ ಮೈಯ ಲೆಕ್ಕ ಇದೆ. ಎ320ಯ ಕೊಳವೆಯ ಅಡ್ಡಗಲ 3.95 ಮೀಟರ್. 777ರದ್ದು 6.2 ಮೀಟರ್. ಉದ್ದವೂ ಎರಡರಷ್ಟು. ಎರಡನ್ನೂ ಗುಣಿಸಿದರೆ, ಒಂದೇ ಅಳತೆಯಲ್ಲಿ 777ರ ಮೈ ಎ320ಯ ಮೂರು ಪಟ್ಟು. ಉಜ್ಜೋದು ಮೂರು ಪಟ್ಟು, ಬಣ್ಣ ಮೂರು ಪಟ್ಟು, ಎಲ್ಲೋ ಒಂದು ಕಡೆ ಧೂಳಿನ ಕಣ ಕೂತು ಹಾಳಾಗುವ ಸಂಭವವೂ ಮೂರು ಪಟ್ಟು. ಡಬ್ಬಿಯ ಬೆಲೆ ಮಾತ್ರ ನೋಡಿ "ಇನ್ನೊಂದು ಸ್ವಲ್ಪ ಹಾಕಿದರೆ ದೊಡ್ಡದೇ ಬರುತ್ತಲ್ಲ" ಅನ್ನುವವರು ಈ ಲೆಕ್ಕ ಮಾಡಿರುವುದಿಲ್ಲ.

1:200 ಚಿಕ್ಕದು. ಎ320 ಇಲ್ಲಿ 19 ಸೆಂ.ಮೀ. ಅಷ್ಟೇ, ಮೈ 1:144ರ ಅರ್ಧದಷ್ಟು. ಜಪಾನಿನ ಹಸೆಗಾವಾ ಕಂಪನಿ ಈ ಅಳತೆಯಲ್ಲಿ ಒಂದು ದೊಡ್ಡ ಸಾಲನ್ನೇ ಮಾಡಿದೆ, ಲವ್ ಲೈನರ್ ಅಂತ ಹೆಸರು. ಬಿಡಿಭಾಗ ಕಡಿಮೆ, ಜೋಡಣೆ ಸಲೀಸು. ಜಾಗ ತೀರಾ ಇಕ್ಕಟ್ಟು ಇದ್ದವರಿಗೆ, ಅಥವಾ 747, 777ರಂಥ ದೊಡ್ಡವೇ ಬೇಕು ಆದರೆ ಮಾಡೆಲ್ ತೀರಾ ದೊಡ್ಡದಾಗಬಾರದು ಅನ್ನುವವರಿಗೆ ಒಳ್ಳೆಯ ದಾರಿ. ತೊಂದರೆ ಏನೆಂದರೆ ಹಸೆಗಾವಾ ಡಬ್ಬಿಯಲ್ಲಿ ಬರುವ ಬಣ್ಣದ ಗುರುತುಗಳು ಬಹುಪಾಲು ಜಪಾನಿನ ಏರ್‌ಲೈನ್‌ಗಳವು. ನಮ್ಮ ಏರ್ ಇಂಡಿಯಾನೋ ಇಂಡಿಗೋನೋ ಬೇಕೆಂದರೆ ಡೆಕಲ್ (ನೀರಿನಲ್ಲಿ ನೆನೆಸಿ ಮೈಗೆ ಅಂಟಿಸುವ ತೆಳು ಚಿತ್ರ) ಬೇರೆ ಹುಡುಕಬೇಕು, ಈ ಅಳತೆಗೆ ಆಯ್ಕೆ ಕಡಿಮೆ.

1:72ರಲ್ಲಿ ಜೆಟ್ ವಿಮಾನ ಬೇಡವೇ ಬೇಡ. ಎ320 ಅಲ್ಲಿ 52 ಸೆಂ.ಮೀ. ಆಗುತ್ತದೆ, ಮೈ ನಾಲ್ಕು ಪಟ್ಟು. ಆ ಅಳತೆಯಲ್ಲಿ ನೋಡುವುದಾದರೆ ಹಳೆಯ ಪ್ರೊಪೆಲ್ಲರ್ ವಿಮಾನ ಡಕೋಟಾ ಒಂದನ್ನು ನೋಡಬಹುದು. ಏರ್‌ಫಿಕ್ಸ್ ಕಂಪನಿಯದ್ದು ಚೆನ್ನಾಗಿದೆ, ರೆಕ್ಕೆ 40 ಸೆಂ.ಮೀ. ಬರುತ್ತದೆ. ಆದರೆ ಅದು ಬಿಳಿ ವಿಮಾನದ ಕಥೆಯಲ್ಲ.

ಯಾವ ವಿಮಾನ?

ನಮ್ಮ ಕಡೆಯವರು ಮೊದಲು ಕೇಳೋದು ಶಿವಮೊಗ್ಗಕ್ಕೆ ಬರುವ ಎಟಿಆರ್. ಸಹಜ. ದಾವಣಗೆರೆಗೆ ವಿಮಾನ ನಿಲ್ದಾಣ ಇಲ್ಲ. 2023ರಲ್ಲಿ ಸೋಗಾನೆಯಲ್ಲಿ ಕುವೆಂಪು ವಿಮಾನ ನಿಲ್ದಾಣ ಶುರುವಾದ ಮೇಲೆ ಎಷ್ಟೋ ಮನೆಯ ಮಕ್ಕಳು ಮೊದಲು ಹತ್ತಿದ್ದೇ ಇಂಡಿಗೋದ ಆ ರೆಕ್ಕೆ ಮೇಲಿನ ಫ್ಯಾನ್ ವಿಮಾನ. ಆದರೆ ಎಟಿಆರ್-72 ಕಿಟ್ ಎ320ಯಂತೆ ಸುಲಭಕ್ಕೆ ಕೈಗೆ ಸಿಗೋದಿಲ್ಲ. ಸಣ್ಣ ತಯಾರಕರ ಡಬ್ಬಿಗಳು ಹೊಸಬರಿಗೆ ಹೇಳಿ ಮಾಡಿಸಿದವೂ ಅಲ್ಲ. ಆರು ಬ್ಲೇಡಿನ ಪ್ರೊಪೆಲ್ಲರ್ ಎರಡು ಜೋಡಿಸುವ ತಲೆನೋವು ಬೇರೆ. ಅದೇ ನಿಲ್ದಾಣಕ್ಕೆ ಸ್ಟಾರ್ ಏರ್‌ನ ಎಂಬ್ರೇರ್ 175 ಬರುವುದನ್ನು ನೋಡಿ ರೆವೆಲ್ ಕಂಪನಿಯ ಎಂಬ್ರೇರ್ 190 ತರಿಸಿ ಉದ್ದ ಕತ್ತರಿಸುವ ಉಪಾಯ ಮಾಡಬೇಡಿ. 190ರ ರೆಕ್ಕೆಯೇ ಬೇರೆ, ದೊಡ್ಡದು. ಕೊಳವೆ ಗಿಡ್ಡ ಮಾಡಿದ ಮಾತ್ರಕ್ಕೆ 175 ಆಗಲ್ಲ. ಚಳ್ಳಕೆರೆ ಕಡೆಯವರು ಡಿಆರ್‌ಡಿಒದ ಪರೀಕ್ಷಾ ವಲಯ ನೋಡಿ ಡ್ರೋನು, ಫೈಟರು ಅಂತ ಕೇಳುತ್ತಾರೆ. ಅವರಿಗೆ ಬೇರೆ ಮಾರ್ಗದರ್ಶಿ ಬೇಕು.

ಉಳಿಯುವ ಪೈಪೋಟಿ ಎ320 ಮತ್ತು 737-800 ನಡುವೆ. ಎರಡೂ ಎರಡು ಇಂಜಿನ್ನಿನ, ಒಂದೇ ನಡುದಾರಿಯ ವಿಮಾನ. ಎರಡಕ್ಕೂ ಒಳ್ಳೆಯ ಕಿಟ್ ಇದೆ. ನನ್ನ ಮತ ಎ320ಗೆ. ಒಂದು ಕಾರಣ, ಅದರ ಕೊಳವೆ ಬಹುತೇಕ ದುಂಡು. 737ರದ್ದು ಮೇಲಿನ ಅರ್ಧ ಒಂದು ವೃತ್ತ, ಕೆಳಗಿನ ಅರ್ಧ ಇನ್ನೊಂದು, ಸೇರುವಲ್ಲಿ ಸಣ್ಣ ಮಡಿಕೆ ಬರುತ್ತದೆ. ಬಾಲದ ಮುಂದೆ ಉದ್ದಕ್ಕೆ ಇಳಿಯುವ ಮೂಲೆಯೂ ಇದೆ. ಉಪ್ಪುಕಾಗದ ಹಿಡಿದು ಉಜ್ಜುವಾಗ ದುಂಡು ಮೈ ಕೈಗೆ ಒಗ್ಗುತ್ತದೆ. ಇನ್ನೊಂದು ಕಾರಣ, ನಮ್ಮ ದೇಶದಲ್ಲಿ ಎ320 ಹಾರಿಸಿದವರು ಜಾಸ್ತಿ: 1989ರಿಂದ ಇಂಡಿಯನ್ ಏರ್‌ಲೈನ್ಸ್, ಆಮೇಲೆ ಏರ್ ಡೆಕ್ಕನ್, ಕಿಂಗ್‌ಫಿಷರ್, ಇಂಡಿಗೋ, ವಿಸ್ತಾರಾ. ಬಣ್ಣ ಆರಿಸಿಕೊಳ್ಳೋಕೆ ಬೇಕಾದಷ್ಟಿದೆ.

737ನ್ನೇ ತರಿಸುತ್ತೇನೆ ಅನ್ನುವವರಿಗೆ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಒಂದು ಒಳ್ಳೆಯ ನೆಪ. ಅವರ ಹಳೆಯ ಬಣ್ಣದಲ್ಲಿ ಒಂದೊಂದು ವಿಮಾನದ ಬಾಲದ ಮೇಲೆ ಒಂದೊಂದು ಚಿತ್ರ ಇರುತ್ತಿತ್ತು, ಎಡಕ್ಕೊಂದು ಬಲಕ್ಕೊಂದು. ಯಾವ ಇಂಜಿನ್ ಅನ್ನೋ ಗೊಂದಲವೂ ಇಲ್ಲ, 737-800ಕ್ಕೆ ಬಂದದ್ದು ಸಿಎಫ್‌ಎಂ ಇಂಜಿನ್ ಮಾತ್ರ.

ಯಾವ ಕಂಪನಿ?

ರಷ್ಯಾದ ಜ್ವೆಜ್ಡಾ, ಜರ್ಮನಿಯ ರೆವೆಲ್, ಇಂಗ್ಲೆಂಡಿನ ಏರ್‌ಫಿಕ್ಸ್, ಅಮೆರಿಕದ ಮಿನಿಕ್ರಾಫ್ಟ್. 1:144ರಲ್ಲಿ ಮುಖ್ಯವಾಗಿ ಕಣ್ಣಿಗೆ ಬೀಳುವ ಹೆಸರುಗಳು ಇವೇ. ನೇರವಾಗಿ ಹೇಳಿಬಿಡುತ್ತೇನೆ: ಎ320, 737, 787, 777 ಈ ನಾಲ್ಕರಲ್ಲಿ ಯಾವುದನ್ನು ಕಟ್ಟುವುದಾದರೂ ಮೊದಲು ಜ್ವೆಜ್ಡಾ ಹುಡುಕಿ. ಸಿಗದಿದ್ದರೆ ರೆವೆಲ್.

ಯಾಕೆ ಅಂದರೆ ಬಿಡಿಭಾಗ ಒಂದಕ್ಕೊಂದು ಕೂರುವ ರೀತಿ. ಬಿಡಿಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟಿನಿಂದ ಕೊಳವೆಯ ಎಡ-ಬಲ ಅರ್ಧಗಳನ್ನು ಕತ್ತರಿಸಿ, ಅಂಟಿಲ್ಲದೆ ಸುಮ್ನೆ ಸೇರಿಸಿ ಹಿಡಿಯಿರಿ. ಬೆನ್ನಿನ ಮೇಲೆ ಉಗುರು ಎಳೆಯಿರಿ. ಜ್ವೆಜ್ಡಾದಲ್ಲಿ ಉಗುರು ಬಹುತೇಕ ಜಾರಿಕೊಂಡೇ ಹೋಗುತ್ತದೆ. ಹಳೆಯ ಅಚ್ಚಿನ ಕಿಟ್‌ಗಳಲ್ಲಿ ಒಂದು ಅರ್ಧ ಕಾಲು ಮಿ.ಮೀ. ಎತ್ತರ ನಿಂತು ಉಗುರು ತಡೆಯುತ್ತದೆ. ಆ ಕಾಲು ಮಿ.ಮೀ. ಸರಿಮಾಡೋದಕ್ಕೆ ಪುಟ್ಟಿ ತುಂಬಿ, ಒಣಗಿಸಿ, ಉಜ್ಜಿ, ಮತ್ತೆ ತುಂಬಿ ಅಂತ ಒಂದು ವಾರದ ಸಂಜೆಗಳು ಹೋಗುತ್ತವೆ. ಬಾಲದಿಂದ ಮೂಗಿನವರೆಗೆ 26 ಸೆಂ.ಮೀ., ಮೇಲೊಂದು ಕೆಳಗೊಂದು.

ಜೋಡಣೆ ಚೆನ್ನಾಗಿದ್ದರೂ ಗೆರೆ ಮುಚ್ಚುವ ಕೆಲಸ ಇದ್ದೇ ಇದೆ. ಅದಕ್ಕೆ ಒಂದು ಹದ ಇದೆ. ಜಪಾನಿನ ತಮಿಯಾ ಕಂಪನಿಯ ತೆಳು ಅಂಟನ್ನು ಸಂದಿಗೆ ಮುಟ್ಟಿಸಿದರೆ ಅದೇ ಒಳಗೆ ಓಡುತ್ತದೆ, ಪ್ಲಾಸ್ಟಿಕ್ ಅನ್ನು ಕರಗಿಸಿ ಬೆಸೆಯುತ್ತದೆ. ಅರ್ಧ ನಿಮಿಷ ಬಿಟ್ಟು ಎರಡು ಕಡೆಯಿಂದ ಮೆಲ್ಲಗೆ ಒತ್ತಿದರೆ ಕರಗಿದ ಪ್ಲಾಸ್ಟಿಕ್ ಸಣ್ಣ ಮಣಿಯ ಹಾಗೆ ಸಂದಿಯಿಂದ ಮೇಲೆ ಉಬ್ಬುತ್ತದೆ. ಆ ಉಬ್ಬು ಬಂದರೆ ಖುಷಿಪಡಿ, ಸಂದಿ ತುಂಬಿತು ಅಂತ ಅರ್ಥ. ಎರಡು ದಿನ ಮುಟ್ಟದೆ ಬಿಟ್ಟು ಆಮೇಲೆ ನೀರು ಹಾಕಿ ಉಜ್ಜಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ವಾಟರ್ ಪೇಪರ್ ಅಂತ ಕೇಳಿ: 400, 600, 1000, 1500. ಕೊನೆಯದು ಆಟೋ ಪೇಂಟ್ ಮಾರುವವರ ಹತ್ತಿರ ಖಂಡಿತ ಇರುತ್ತದೆ. ಅಂಟು ಪೂರ್ತಿ ಗಟ್ಟಿಯಾಗುವ ಮೊದಲೇ ಉಜ್ಜಿದರೆ ಅವತ್ತು ನುಣ್ಣಗೆ ಕಾಣುತ್ತದೆ, ತಿಂಗಳ ನಂತರ ಅಂಟು ಕುಗ್ಗಿ ಬಿಳಿ ಬಣ್ಣದ ಕೆಳಗೆ ಸಣ್ಣ ತಗ್ಗು ತೇಲಿ ಬರುತ್ತದೆ.

ರೆವೆಲ್‌ನ ವಿಷಯ ಮಿಶ್ರ. ಹೆಸರು ಒಂದೇ ಆದರೂ ಡಬ್ಬಿಯೊಳಗೆ ಬೇರೆ ಬೇರೆ ಕಾಲದ ಅಚ್ಚುಗಳಿವೆ. ಡಬ್ಬಿ ಮೇಲೆ 1ರಿಂದ 5ರವರೆಗೆ ಕಷ್ಟದ ಮಟ್ಟ ಬರೆದಿರುತ್ತದೆ, 3ರ ಆಚೆ ಹೋಗಬೇಡಿ. ಎ380 ರೆವೆಲ್‌ನಲ್ಲಿ ಸಿಗುತ್ತದೆ, 50 ಸೆಂ.ಮೀ. ಉದ್ದದ ಆನೆ. ನೋಡಿದರೆ ಬಾಯಲ್ಲಿ ನೀರು ಬರುತ್ತದೆ, ಆದರೆ ಮೊದಲನೆಯದಾಗಿ ಬೇಡ. ಅವರ "ಮಾಡೆಲ್ ಸೆಟ್" ಅನ್ನುವ ಡಬ್ಬಿಯಲ್ಲಿ ಕಿಟ್ ಜೊತೆ ಅಂಟು, ಬ್ರಷ್, ಪುಟಾಣಿ ಬಣ್ಣದ ಡಬ್ಬಿಗಳೂ ಇರುತ್ತವೆ. ಉಡುಗೊರೆ ಕೊಡೋಕೆ ಸರಿ. ಕಟ್ಟುವವರಿಗೆ ಆ ಬಿಳಿ ಬಣ್ಣ ಸಾಲೋದಿಲ್ಲ, ಬ್ರಷ್‌ನಲ್ಲಿ ಬಳಿದರೆ ಗೆರೆ ಗೆರೆ ಬೀಳುತ್ತದೆ. ಇನ್ನೊಂದು ಕಿರಿಕಿರಿ: ರೆವೆಲ್ ಸೂಚನಾ ಹಾಳೆಯಲ್ಲಿ ಬಣ್ಣವನ್ನು "ಇದು ಮುಕ್ಕಾಲು, ಅದು ಕಾಲು" ಅಂತ ಬೆರೆಸಲು ಹೇಳುತ್ತಾರೆ, ಅದೂ ಅವರದೇ ನಂಬರಿನಲ್ಲಿ. ಬೂದು ಬಣ್ಣಕ್ಕಾಗಿ ಎರಡು ಡಬ್ಬಿ ತರಿಸೋದು ದಂಡ. ಫೋಟೋ ನೋಡಿ ಹತ್ತಿರದ ಬೂದು ಹಚ್ಚಿ.

ಏರ್‌ಫಿಕ್ಸ್‌ನ ಪ್ರಯಾಣಿಕರ ವಿಮಾನಗಳು ಹಳೆಯ ಕಾಲದವು, ಸ್ಕೈಕಿಂಗ್ ಅನ್ನೋ ಸಾಲು. ಗೆರೆಗಳು ಉಬ್ಬಿಕೊಂಡಿರುತ್ತವೆ, ಜೋಡಣೆ ಸಡಿಲ. ಹಾಗಂತ ತಳ್ಳಿಹಾಕೋಕಾಗಲ್ಲ, ಯಾಕಂದರೆ ಹಳೆಯ ವಿಮಾನಗಳು ಬೇಕಾದರೆ ಹೋಗಬೇಕಾದದ್ದು ಅಲ್ಲಿಗೇ. 1960ರ ದಶಕದಲ್ಲಿ ಇಂಡಿಯನ್ ಏರ್‌ಲೈನ್ಸ್ ಹಾರಿಸಿದ ಕ್ಯಾರವೆಲ್, ಅದರ ನಂತರದ 737-200 ಎರಡೂ ಏರ್‌ಫಿಕ್ಸ್‌ನಲ್ಲಿ ಬಂದಿವೆ. 1971ರಲ್ಲಿ ಏರ್ ಇಂಡಿಯಾಕ್ಕೆ ಬಂದ ಎಂಪರರ್ ಅಶೋಕ ಅನ್ನೋ ಹೆಸರಿನ ಜಂಬೋ ಜೆಟ್ ಕಟ್ಟುವ ಆಸೆ ಇದ್ದವರೂ ಒಂದು ದಿನ ಏರ್‌ಫಿಕ್ಸ್ 747 ತರಿಸುತ್ತಾರೆ. ಹಳೆಯ ಡಬ್ಬಿಯಲ್ಲಿ ಡೆಕಲ್ ಹಾಳೆ ಹಳದಿ ತಿರುಗಿರುವುದುಂಟು. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕಿಟಕಿ ಗಾಜಿಗೆ ಅಂಟಿಸಿ ಬಿಸಿಲಿಗೆ ಬಿಟ್ಟರೆ ಹಳದಿ ಇಳಿಯುತ್ತದೆ. ಈ ಒಂದು ಸಾಮಗ್ರಿ ದಾವಣಗೆರೆಯಲ್ಲಿ ಪುಕ್ಕಟೆ.

ಮಿನಿಕ್ರಾಫ್ಟ್ ಬಗ್ಗೆ ಹೆಚ್ಚು ಹೇಳಲ್ಲ. ಬೇರೆ ಯಾರೂ ಮಾಡದ ವಿಮಾನ ಬೇಕಾದಾಗ ತರಿಸಿ, ಪುಟ್ಟಿ ಜಾಸ್ತಿ ಇಟ್ಟುಕೊಂಡು ಕೂರಿ.

ಬೆಲೆಯ ಮಾತು ಬಂದರೆ, ಒಂದೇ ಡಬ್ಬಿಗೆ ಇಬ್ಬರು ಮಾರಾಟಗಾರರು ಹೇಳುವ ರೇಟಿನಲ್ಲಿ ತುಂಬಾ ಅಂತರ ಇರುತ್ತದೆ. ಸುಂಕ, ಸಾಗಾಣಿಕೆ ಎಲ್ಲ ಅದರಲ್ಲಿ ಸೇರಿರುತ್ತದೆ. ಕಿಟ್‌ಗೆ ಕೊಟ್ಟಷ್ಟೇ ಹಣ ಅಂಟು, ಪ್ರೈಮರ್, ಸ್ಪ್ರೇ, ಡೆಕಲ್‌ಗೂ ಹೋಗುತ್ತದೆ ಅಂತ ಇಟ್ಟುಕೊಳ್ಳಿ.

ಕಿಟಕಿ: ಗಾಜು ಇಡೋದಾ, ಅಂಟಿಸೋದಾ?

ಕೊಳವೆ ಮುಚ್ಚುವ ಮೊದಲೇ ತೀರ್ಮಾನ ಮಾಡಬೇಕಾದ ವಿಷಯ ಇದು. ಜ್ವೆಜ್ಡಾದಲ್ಲಿ ಕಿಟಕಿಗಳು ತೂತಾಗಿಯೇ ಬರುತ್ತವೆ, ಒಳಗಿನಿಂದ ಪಾರದರ್ಶಕ ಪಟ್ಟಿ ಅಂಟಿಸಬೇಕು. ಕೇಳೋಕೆ ಚೆಂದ. ಆದರೆ ಒಂದು ಕಿಟಕಿಯ ಅಗಲ ಈ ಅಳತೆಯಲ್ಲಿ ಒಂದೂವರೆ ಮಿ.ಮೀ. ಇರಬಹುದು. ಬಿಳಿ ಬಣ್ಣ ಹೊಡೆಯುವಾಗ ಒಂದೊಂದನ್ನೂ ಮುಚ್ಚಬೇಕು, ಮೈ ಉಜ್ಜುವಾಗ ಗಾಜು ಗೀರಾಗಬಾರದು, ಅಂಟಿನ ಆವಿ ಒಳಗೆ ಮಂಜು ಹಿಡಿಸಬಾರದು. ಫೆವಿಕ್ವಿಕ್ ಬಳಸಿದರೆ ಗಾಜು ಬೆಳ್ಳಗಾಗೋದು ಗ್ಯಾರಂಟಿ.

ಎರಡನೇ ದಾರಿ: ತೂತುಗಳನ್ನು ಮುಚ್ಚಿ ನುಣ್ಣಗೆ ಮಾಡಿ, ಮೇಲೆ ಕಿಟಕಿಯ ಡೆಕಲ್ ಅಂಟಿಸುವುದು. ನುರಿತವರಲ್ಲಿ ಬಹಳ ಜನ ಇದನ್ನೇ ಮಾಡುತ್ತಾರೆ. ಫೋಟೋದಂತೆ ಛಾಪಿಸಿದ ಕಿಟಕಿ ಡೆಕಲ್‌ಗಳು ಈಗ ಬಂದಿವೆ, ಅರ್ಧ ಎಳೆದ ಪರದೆಯ ನೆರಳು ಕೂಡ ಕಾಣುವಷ್ಟು ಚೆನ್ನಾಗಿವೆ. ಆದರೆ ಇಷ್ಟು ತೂತು ಮುಚ್ಚಿ ಉಜ್ಜೋದು ಮೊದಲ ಕಿಟ್‌ಗೆ ಜಾಸ್ತಿಯೇ.

ಮೂರನೆಯದು ನನಗೆ ಇಷ್ಟ. ತೂತು ಹಾಗೇ ಬಿಡಿ. ಬಣ್ಣ, ಡೆಕಲ್, ಕೊನೆಯ ಹೊಳಪು ಎಲ್ಲ ಮುಗಿಯಲಿ. ಆಮೇಲೆ ಬಿಳಿ ಫೆವಿಕಾಲ್ ಅನ್ನು ಹಲ್ಲುಕಡ್ಡಿಯ ತುದಿಯಲ್ಲಿ ತೆಗೆದುಕೊಂಡು ಕಿಟಕಿಯ ಅಂಚಿನ ಸುತ್ತ ತಿರುಗಿಸಿ ಎಳೆದರೆ ತೆಳು ಪೊರೆ ಕಟ್ಟುತ್ತದೆ. ಹಸಿಯಿದ್ದಾಗ ಹಾಲು ಬಣ್ಣ, ಒಣಗಿದ ಮೇಲೆ ತಿಳಿಯಾದ ಗಾಜು. ಒಂದು ಸಾಲು ಮುಗಿಸೋಕೆ ಒಂದು ಸಂಜೆ ಸಾಕು. ಹೊರಗಿನ ಬೆಳಕು ಆಚೆಯಿಂದ ಈಚೆಗೆ ಕಾಣದಿರಲಿ ಅಂತ ಕೊಳವೆ ಮುಚ್ಚುವ ಮೊದಲು ಒಳಗೆಲ್ಲ ಕಪ್ಪು ಬಳಿದಿರಬೇಕು. ಅದನ್ನು ಬ್ರಷ್‌ನಲ್ಲಿ ಹೇಗೆ ಬೇಕಾದರೂ ಬಳಿಯಿರಿ, ಯಾರೂ ನೋಡಲ್ಲ.

ಒಳಗೆ ಕೈ ಹಾಕಿದಾಗಲೇ ಮೂಗಿನಲ್ಲಿ ತೂಕವನ್ನೂ ತುಂಬಿ. ಇಲ್ಲದಿದ್ದರೆ ವಿಮಾನ ಬಾಲ ನೆಲಕ್ಕೆ ಊರಿ ಕೂರುತ್ತದೆ. ಎಷ್ಟು ಗ್ರಾಂ ಅಂತ ಸಾಮಾನ್ಯವಾಗಿ ಸೂಚನಾ ಹಾಳೆಯಲ್ಲಿ ಇರುತ್ತದೆ. ಸೈಕಲ್ ಅಂಗಡಿಯಲ್ಲಿ ಹಿಂದಿನ ಚಕ್ರದ ಕಾಲಿಂಚಿನ ಬೇರಿಂಗ್ ಗುಂಡು ಕೇಳಿ, ಒಂದೊಂದೂ ಸುಮಾರು ಒಂದು ಗ್ರಾಂ ತೂಗುತ್ತದೆ. ಎಣಿಸಿ ಹಾಕಿದರೆ ತಕ್ಕಡಿಯೇ ಬೇಡ. ಎಂ-ಸೀಲ್‌ನಲ್ಲಿ ಕೂರಿಸಿಬಿಟ್ಟರೆ ಮತ್ತೆ ಉರುಳಾಡಲ್ಲ. ಕೊಳವೆ ಮುಚ್ಚಿದ ಮೇಲೆ ಒಳಗೆ ಒಂದು ಗುಂಡು ಕಟಕಟ ಅಂದರೆ ಅದಕ್ಕೆ ಔಷಧ ಇಲ್ಲ.

ಬಿಳಿ ಬಣ್ಣ

ಇಲ್ಲಿ ನಾಲ್ಕು ದಾರಿ ಇವೆ: ಬ್ರಷ್, ಹವ್ಯಾಸಿಗಳ ಸ್ಪ್ರೇ ಡಬ್ಬಿ, ಗಾಡಿಗೆ ಹೊಡೆಯುವ ಸ್ಪ್ರೇ ಡಬ್ಬಿ, ಏರ್‌ಬ್ರಷ್ (ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಪೆನ್ನಿನಂಥ ಸಾಧನ).

ಬ್ರಷ್‌ನಲ್ಲಿ ಬಿಳಿ ಬಳಿಯೋದು ಬೇಡ. ಟೈರು, ಇಂಜಿನ್ನಿನ ಬಾಯಿಯ ಬೆಳ್ಳಿ ಅಂಚು, ಇಂಥ ಸಣ್ಣಪುಟ್ಟದ್ದಕ್ಕೆ ಬ್ರಷ್ ಇರಲಿ. ಸ್ಟೇಷನರಿಯಲ್ಲಿ ಸಿಗುವ ಬಟ್ಟೆ ಬಣ್ಣ, ಪೋಸ್ಟರ್ ಬಣ್ಣ ಪ್ಲಾಸ್ಟಿಕ್ಕಿಗೆ ಹಿಡಿಯಲ್ಲ, ಉಗುರು ತಾಗಿದರೆ ಸುಲಿದು ಬರುತ್ತದೆ. ಎನಾಮಲ್ ಬಿಳಿ ಹಿಡಿಯುತ್ತದೆ, ಹೊಳೆಯುತ್ತದೆ, ಆದರೆ ವರ್ಷ ಕಳೆದಂತೆ ಹಳದಿ ತಿರುಗುತ್ತದೆ.

ಏರ್‌ಬ್ರಷ್ ಎಲ್ಲಕ್ಕಿಂತ ಚೆಂದ. ಕಂಪ್ರೆಸರ್ ಸೇರಿದರೆ ಕಿಟ್ಟಿನ ಹಲವು ಪಟ್ಟು ಖರ್ಚು. ಈ ಹವ್ಯಾಸ ಕೈ ಹಿಡಿಯುತ್ತೋ ಇಲ್ಲವೋ ಗೊತ್ತಿಲ್ಲದೆ ಅಷ್ಟು ಹಾಕಬೇಡಿ. ಮೂರನೇ ವಿಮಾನದ ಹೊತ್ತಿಗೆ ನೋಡಿಕೊಳ್ಳಿ.

ಹಾಗಾಗಿ ಪೈಪೋಟಿ ಎರಡು ಸ್ಪ್ರೇ ಡಬ್ಬಿಗಳ ನಡುವೆ. ತಮಿಯಾದ ಟಿಎಸ್-26 ಅನ್ನೋ ಶುದ್ಧ ಬಿಳಿ ಈ ಕೆಲಸಕ್ಕೇ ಮಾಡಿದ್ದು. ಹನಿ ತುಂಬಾ ನುಣ್ಣಗೆ ಬೀಳುತ್ತದೆ, ಪ್ಲಾಸ್ಟಿಕ್ಕಿಗೆ ಹೊಂದುತ್ತದೆ. ಕೆಳಗೆ ಅವರದೇ ಬಿಳಿ ಪ್ರೈಮರ್ ಹೊಡೆದರೆ ಇನ್ನೂ ಒಳ್ಳೆಯದು. ತೊಂದರೆ ಎರಡು: ಬೆಲೆ ಜಾಸ್ತಿ, ಮತ್ತೆ ಬೆಂಕಿ ಹತ್ತುವ ಸಾಮಾನಾದ್ದರಿಂದ ಇದು ವಿಮಾನದಲ್ಲಿ ಬರಲ್ಲ, ರಸ್ತೆಯಲ್ಲೇ ಬರಬೇಕು. ಕಾಯಬೇಕಾಗುತ್ತದೆ.

ಪಿ.ಬಿ. ರಸ್ತೆ ಬದಿಯ ಗಾಡಿ ಸಾಮಾನಿನ ಅಂಗಡಿಗಳಲ್ಲಿ ಸಿಗುವ ಸ್ಪ್ರೇ ಅಗ್ಗ, ಈಗಲೇ ಕೈಗೆ ಸಿಗುತ್ತದೆ. ಆದರೆ ಅದರ ಥಿನ್ನರ್ ಖಾರ. ಬರಿಯ ಪ್ಲಾಸ್ಟಿಕ್ ಮೇಲೆ ದಪ್ಪಗೆ ಬಿದ್ದರೆ ಮೈಯನ್ನೇ ತಿಂದು ಒರಟು ಮಾಡುತ್ತದೆ. ಹನಿಯೂ ದೊಡ್ಡದು. ಅದನ್ನೇ ಬಳಸುವುದಾದರೆ ಕೆಳಗೆ ಒಳ್ಳೆಯ ಪ್ರೈಮರ್ ಇರಲೇಬೇಕು, ಮೊದಲೆರಡು ಪದರ ತೀರಾ ತೆಳ್ಳಗೆ ಮಂಜು ಬಿದ್ದ ಹಾಗೆ ಇರಬೇಕು. ಬಿಡಿಭಾಗ ಬಿಡಿಸಿದ ಮೇಲೆ ಉಳಿಯುವ ಖಾಲಿ ಚೌಕಟ್ಟಿನ ಮೇಲೆ ಹೊಡೆದು ಒಂದು ರಾತ್ರಿ ಬಿಟ್ಟು ನೋಡಿ. ನನ್ನ ಸಲಹೆ ಕೇಳಿದರೆ, ಉಳಿತಾಯ ಮಾಡಬೇಕಾದ ಜಾಗ ಇದಲ್ಲ. ಕೊಳವೆಗೆ ತಮಿಯಾ, ಸ್ಟ್ಯಾಂಡಿಗೆ ಗಾಡಿ ಬಣ್ಣ.

ಯಾವ ಡಬ್ಬಿಯಾದರೂ ಹೊತ್ತು ನೋಡಿ ಹೊಡೆಯಬೇಕು. ಏಪ್ರಿಲ್ ಮಧ್ಯಾಹ್ನ ಮಾಳಿಗೆ ಮೇಲೆ ಹೊಡೆದರೆ ಬಣ್ಣ ಗಾಳಿಯಲ್ಲೇ ಅರ್ಧ ಒಣಗಿ ಮೈ ಮೇಲೆ ಮರಳು ಮರಳಾಗಿ ಕೂರುತ್ತದೆ. ಜುಲೈ ಮಳೆಯಲ್ಲಿ ಹೊಡೆದರೆ ತೇವ ಹಿಡಿದು ಹೊಳಪು ಮಾಸುತ್ತದೆ. ದೀಪಾವಳಿ ಕಳೆದ ಮೇಲೆ ಶಿವರಾತ್ರಿವರೆಗಿನ ತಿಂಗಳುಗಳು ಇದಕ್ಕೆ ಹೇಳಿ ಮಾಡಿಸಿದ್ದು. ಬೆಳಗ್ಗೆ, ಗಾಳಿ ಏಳುವ ಮೊದಲು, ರಸ್ತೆ ಕಸ ಗುಡಿಸುವವರು ಬಂದು ಹೋದ ಮೇಲೆ. ಡಬ್ಬಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಇಟ್ಟರೆ ಹನಿ ಇನ್ನೂ ನುಣ್ಣಗಾಗುತ್ತದೆ. ಒಲೆಯ ಹತ್ತಿರ ಮಾತ್ರ ಒಯ್ಯಬೇಡಿ. ಸ್ಪ್ರೇ ಗುಂಡಿಯನ್ನು ಮಾಡೆಲ್‌ನ ಆಚೆ ಒತ್ತಲು ಶುರುಮಾಡಿ, ಮೈ ಮೇಲೆ ಒಂದೇ ಸಮ ಹಾಯಿಸಿ, ಈಚೆ ದಾಟಿದ ಮೇಲೆ ಬಿಡಿ. ಮುಗಿದ ತಕ್ಷಣ ಒಂದು ತೊಳೆದ ಬಕೆಟ್ ಕವುಚಿಡಿ. ಧೂಳು, ಸೊಳ್ಳೆ ಎರಡರಿಂದಲೂ ಬಚಾವ್. ಮನೆಯೊಳಗೆ ಹೊಡೆಯಬೇಡಿ. ಧೂಳಿಗೆ ಹಾಕುವ ಮಾಸ್ಕ್ ಥಿನ್ನರ್ ವಾಸನೆಯನ್ನು ತಡೆಯಲ್ಲ, ಬಯಲಲ್ಲಿ ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ.

ಬಣ್ಣದ ಗುರುತು, ಮತ್ತೆ ಇಂಜಿನ್

ಯಾವ ಏರ್‌ಲೈನ್ ಅನ್ನೋದನ್ನು ಡಬ್ಬಿ ತರಿಸುವ ಮೊದಲೇ ನಿರ್ಧರಿಸಿ, ಯಾಕಂದರೆ ಅದು ಇಂಜಿನ್ನನ್ನೂ ರೆಕ್ಕೆಯ ತುದಿಯನ್ನೂ ನಿರ್ಧರಿಸುತ್ತದೆ. ಇಂಡಿಗೋದ ಮೊದಲ ಎ320ಗಳಲ್ಲಿ ಇದ್ದದ್ದು ವಿ2500 ಇಂಜಿನ್: ಹೊದಿಕೆ ಹಿಂದಿನವರೆಗೂ ಒಂದೇ ಉದ್ದ ಕೊಳವೆ. ಸಿಎಫ್‌ಎಂ56 ಆದರೆ ಹೊದಿಕೆ ಮೊದಲೇ ಮುಗಿದು ಹಿಂದೆ ಒಳಗಿನ ಲೋಹದ ಮೂತಿ ಹೊರಗೆ ಕಾಣುತ್ತದೆ. ದೂರದಿಂದಲೂ ಗೊತ್ತಾಗುತ್ತದೆ. ಇಂಡಿಗೋದ ನಿಯೋ (ಹೊಸ ಇಂಜಿನ್ನಿನ ಎ320) ವಿಮಾನಗಳಲ್ಲಿ ಮೊದಲು ಪ್ರಾಟ್ ಅಂಡ್ ವಿಟ್ನಿ, ಆಮೇಲೆ ಬಂದವುಗಳಲ್ಲಿ ಸಿಎಫ್‌ಎಂ ಲೀಪ್. ಏರ್ ಇಂಡಿಯಾದ 787-8ರಲ್ಲಿ ಜಿಇ ಇಂಜಿನ್, ರೋಲ್ಸ್ ರಾಯ್ಸ್ ಅಲ್ಲ. ಆದ್ದರಿಂದ ಸುಮ್ನೆ "ಇಂಡಿಗೋ" ಅಂದರೆ ಸಾಲದು. ವಿಟಿ ಅಂತ ಶುರುವಾಗುವ ನೋಂದಣಿ ಸಂಖ್ಯೆ ಇರುವ ಯಾವುದಾದರೂ ಒಂದೇ ಒಂದು ವಿಮಾನ ಹಿಡಿಯಿರಿ, ಅದರ ಫೋಟೋಗಳನ್ನು ಎಲ್ಲ ಕಡೆಯಿಂದ ಕೂಡಿಸಿ, ಡಬ್ಬಿಯಲ್ಲಿ ಆ ಇಂಜಿನ್ ಇದೆಯೇ ಅಂತ ಮಾರುವವರನ್ನು ಕೇಳಿ.

ಸುಲಭದ ಲೆಕ್ಕದಲ್ಲಿ ನೋಡಿದರೆ, ಮೈಯೆಲ್ಲ ಬಿಳಿ, ಬಾಲ ಮಾತ್ರ ಬಣ್ಣ ಇರುವ ಏರ್‌ಲೈನ್ ಎಲ್ಲಕ್ಕಿಂತ ಸಲೀಸು. ರೆವೆಲ್ ಡಬ್ಬಿಗಳಲ್ಲಿ ಹೆಚ್ಚಾಗಿ ಬರುವ ಲುಫ್ತಾನ್ಸಾ ಅಂಥದ್ದೇ. ಇಂಡಿಗೋ ಒಂದು ಮೆಟ್ಟಿಲು ಮೇಲೆ: ಹೊಟ್ಟೆಯ ನೀಲಿ ಮತ್ತು ಮೇಲಿನ ಬಿಳಿ ಸೇರುವ ಗೆರೆ ಮೂಗಿನಿಂದ ಬಾಲದವರೆಗೆ ಎರಡೂ ಕಡೆ ಒಂದೇ ಎತ್ತರದಲ್ಲಿ ಬರಬೇಕು. ಅಲ್ಲಿ ಹಾರ್ಡ್‌ವೇರ್ ಅಂಗಡಿಯ ಅಗಲ ಮಾಸ್ಕಿಂಗ್ ಟೇಪ್ ಕೈ ಕೊಡುತ್ತದೆ. ಅಂಚಿನಲ್ಲಿ ಬಣ್ಣ ನುಸುಳುತ್ತದೆ, ಕೀಳುವಾಗ ಬಿಳಿಯನ್ನೂ ಎತ್ತುತ್ತದೆ. ಮಾಡೆಲ್‌ಗೆಂದೇ ಬರುವ ತೆಳು ಟೇಪ್ ಒಂದು ಸುರುಳಿ ತರಿಸಿಕೊಳ್ಳಿ. ಏರ್ ಇಂಡಿಯಾದ ಹಳೆಯ ಝರೋಖಾ ಬಣ್ಣ, ಒಂದೊಂದು ಕಿಟಕಿಯ ಸುತ್ತ ಕೆಂಪು ಕಮಾನು, ಕೈಯಲ್ಲಿ ಬರೆಯೋ ಮಾತೇ ಇಲ್ಲ. ಡೆಕಲ್ ಸಿಕ್ಕರೆ ಮಾತ್ರ ಕೈ ಹಾಕಿ. ಹೊಟ್ಟೆ ಭಾಗ ಪಳಪಳ ಲೋಹದ್ದಾಗಿರುವ ಹಳೆಯ 707ನಂಥವು ಬಿಳಿಗಿಂತಲೂ ಕಷ್ಟ, ಅದನ್ನು ಇಲ್ಲಿಗೇ ಬಿಡೋಣ.

ಡೆಕಲ್ ಅಂಟಿಸುವಾಗ ಎರಡು ದ್ರವ ಬೇಕು: ಕೂರಿಸಲು ಮೈಕ್ರೋ ಸೆಟ್, ಮೆತ್ತಗೆ ಮಾಡಲು ಮೈಕ್ರೋ ಸಾಲ್. ಎರಡನೆಯದನ್ನು ಹಚ್ಚಿದ ಕೂಡಲೇ ಡೆಕಲ್ ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಸುಕ್ಕುಗಟ್ಟುತ್ತದೆ. ಹೆದರಿ ಬೆರಳಿಟ್ಟರೆ ಹರಿಯಿತು ಅಂತಲೇ ಲೆಕ್ಕ. ಬಿಟ್ಟುಬಿಡಿ, ಒಣಗುವಾಗ ತಾನೇ ಮೈಗೆ ಅಂಟಿ ಸಪಾಟಾಗುತ್ತದೆ. ಬೇಸಿಗೆಯಲ್ಲಿ ಫ್ಯಾನ್ ಕೆಳಗೆ ಕೂತರೆ ಜಾರಿಸಿ ಸರಿಮಾಡುವಷ್ಟರಲ್ಲೇ ನೀರು ಒಣಗುತ್ತದೆ, ಫ್ಯಾನ್ ಆರಿಸಿ. ಉದ್ದನೆಯ ಪಟ್ಟಿಗಳನ್ನು ಬಾಗಿಲಿನ ಹತ್ತಿರ ಮೂರು ತುಂಡು ಮಾಡಿ ಅಂಟಿಸಿದರೆ ನೇರ ಬರುತ್ತವೆ. ಕೊನೆಯ ಹೊಳಪಿಗೆ ತಮಿಯಾ ಟಿಎಸ್-13 ದಪ್ಪಗೆ ಹೊಡೆದರೆ ಡೆಕಲ್ ಕರಗುವುದುಂಟು. ಎಕ್ಸ್-22 ಅನ್ನೋ ಅಕ್ರಿಲಿಕ್ ಹೊಳಪು ಸೌಮ್ಯ, ಆದರೆ ಅದಕ್ಕೆ ಏರ್‌ಬ್ರಷ್ ಬೇಕು. ಸ್ಪ್ರೇ ಡಬ್ಬಿ ಒಂದೇ ಇರುವವರು ಟಿಎಸ್-13ನ್ನೇ ಮಂಜಿನಂತೆ ಎರಡು ಮೂರು ಸಲ ಹಾಯಿಸಿ, ನಡುವೆ ಒಂದೊಂದು ದಿನ ಬಿಡಿ.

ತರಿಸುವ ಕ್ರಮದಲ್ಲೂ ಒಂದು ಲೆಕ್ಕ ಇದೆ. ನಮ್ಮ ಏರ್‌ಲೈನ್‌ಗಳ ಡೆಕಲ್ ಹೆಚ್ಚಾಗಿ ಹೊರದೇಶದ ಸಣ್ಣ ತಯಾರಕರಿಂದ ಅಂಚೆಯಲ್ಲಿ ಬರಬೇಕು, ವಾರಗಟ್ಟಲೆ ಹಿಡಿಯುತ್ತದೆ. ಆದ್ದರಿಂದ ಮೊದಲು ಡೆಕಲ್‌ಗೆ ಹಣ ಕಟ್ಟಿ, ಮಾರನೇ ದಿನ ಕಿಟ್ ಮತ್ತು ಸ್ಪ್ರೇ ತರಿಸಿ. ಕೊಳವೆ ಉಜ್ಜಿ, ಬಿಳಿ ಹೊಡೆದು, ಅದು ಗಟ್ಟಿಯಾಗುವ ಹೊತ್ತಿಗೆ ಅಂಚೆಯವರು ಬಂದಿರುತ್ತಾರೆ. ಹಾಳೆ ಕೈಗೆ ಬಂದ ಕೂಡಲೇ ನಿಮ್ಮ ವಿಟಿ ಸಂಖ್ಯೆ ಅದರಲ್ಲಿ ಇದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಹಾಳೆಯಲ್ಲಿ ಇರುವ ಸಂಖ್ಯೆಗಳಲ್ಲೇ ನೀವು ಹಾಕಿದ ಇಂಜಿನ್ನಿಗೆ ಹೊಂದುವ ಇನ್ನೊಂದನ್ನು ಆರಿಸಿಕೊಳ್ಳಿ.